ಅರ್ಧ ಪಟ್ಟೆಯ ಕ್ವಾಗ್ಗಾ

ಗಿಡ್ಡ ಆಳು, ಸಣಕಲು ಮೈ, ದಾರ ಸುತ್ತಿದ ಕನ್ನಡಕ. ಮೇಲ್ನೋಟಕ್ಕೆ ರಿಯಾಯಿತಿ ಕೊಟ್ಟರೂ ಸಾಗದ ಮಾಲು. ಕೈ ಕತ್ತರಿ ಹಿಡಿದಾಗ ಮಾತ್ರ ದರ ಏರುತ್ತಿತ್ತು. ಕೊಲ್ಲಿ ನಾಡಿನ ಉಮ್ ಅಲ್ ಹಸ್ಸಮ್‌ನಲ್ಲಿ ಹರಿನಾಥನ ಬಟ್ಟೆ ಅಂಗಡಿಯ ಮೂಲೆಯಲ್ಲಿ ಹೊಲಿಯುತ್ತಿದ್ದ ಫೆಲ್ಸಿಬಾಯಿ ಹೀಗಿದ್ದರು.

ತೊಂಬತ್ತಾರರ ಮಾರ್ಚಿನಲ್ಲಿ ಡಾಕ್ಟರು ಅವರ ಹೊಟ್ಟೆಯ ಗಡ್ಡೆ ನೋಡಿ, ಊರಿಗೆ ಹೋಗಿ ಅಕ್ಕನ ಜೊತೆ ಇರಿ ಎಂದರು. ವೀಸಾ ಕೊಟ್ಟಿದ್ದ ಮುಹರ್ರಕ್‌ನ ಅರಬ್ಬಿಗೆ ಹೇಳಿ ಅದನ್ನು ರದ್ದು ಮಾಡಿಸಿದ ಬಾಯಿ, ಉಳಿದವರಿಗೆಲ್ಲ ‘ರಜೆ’ ಎಂದರು. ‘ಅಯ್ಯೋ ಪಾಪ’ ಎನ್ನುವ ಮುಖಗಳನ್ನು ನೋಡುತ್ತ ವಿಮಾನ ಹತ್ತುವುದು ಅವರಿಗೆ ಬೇಡವಾಗಿತ್ತು. ಎಂದಿನಂತೆ ಹೊರಟುಬಿಡಬೇಕು, ಅಷ್ಟೇ ಆಸೆ.

ಕೊನೆಯ ಕೆಲಸ, ಪಕ್ಕದ ಮನೆಯ ತನ್ವಿಗೆ ಶಾಲೆಯ ವೇಷ: ಆಫ್ರಿಕಾದ ಕ್ವಾಗ್ಗಾ. ಮುಂದೆ ಝೀಬ್ರಾದ ಪಟ್ಟೆ, ಹಿಂದೆ ಬರೀ ಕಂದು.

“ಎಂಥದು ಬಾಯಿ, ಪಟ್ಟೆ ಬಟ್ಟೆ ಅರ್ಧಕ್ಕೇ ಖಾಲಿಯಾ?” ಹರಿನಾಥ ಕೆಣಕಿದ.

“ಅದು ಇದ್ದದ್ದೇ ಹಾಗೆ ಅಂಕಲ್,” ತನ್ವಿ ರೇಗಿದಳು. “ಜನ ಕೊಂದು ಕೊಂದು ಚರ್ಮದಿಂದ ಧಾನ್ಯದ ಚೀಲ ಮಾಡಿದ್ರು. ಲಾಸ್ಟ್ ಒಂದು ಆಮ್‌ಸ್ಟರ್‌ಡ್ಯಾಮ್ ಝೂನಲ್ಲಿ ಸತ್ತೋಯ್ತು. ಅದೇ ಲಾಸ್ಟ್ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಇನ್ನೊಂದು ಕಳಿಸಿ ಅಂತ ಕೇಳಿದ್ರಂತೆ!”

“ಸ್ಟಾಕ್ ಮುಗಿದದ್ದು ಗೊತ್ತಿಲ್ಲದ ಗಿರಾಕಿ!” ಹರಿನಾಥ ನಕ್ಕ. ಫೆಲ್ಸಿಬಾಯಿ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ರಜೆಗೆ ಹೊರಟವರ ಕೈಯಲ್ಲಿ ಊರಿಗೆ ಗಂಟು ಕಳಿಸುವುದು ಇಲ್ಲಿನ ರೂಢಿ. ಹಾಲಿನ ಪುಡಿ ಬಂತು, ನೋವಿನ ಮುಲಾಮು ಬಂತು. ಹರಿನಾಥ ಇಡೀ ಕಂಬಳಿಯನ್ನೇ ಹೊತ್ತು ತಂದ.

“ಇದೊಂದು ಹಗುರವೇ ಬಾಯಿ.”

“ನನಗಿಂತ ಭಾರ ಉಂಟು. ಕೊಡಿ, ಕೊಡಿ.”

ಬೇಡವೆಂದರೆ ಯಾಕೆಂದು ಕೇಳುತ್ತಾರಲ್ಲ! ಜಾಗ ಮಾಡಲು ತಮ್ಮ ಶಾಲು, ಮದುವೆಯ ಆಲ್ಬಮ್, ಕೊನೆಗೆ ಕತ್ತರಿಯನ್ನೂ ತೆಗೆದು ಅಂಗಡಿಯಲ್ಲೇ ಬಿಟ್ಟರು.

ವಿಮಾನ ನಿಲ್ದಾಣದಲ್ಲಿ ಹರಿನಾಥ ಕಾರಿನೊಳಗಿಂದಲೇ ಕೂಗಿದ: “ಬರುವಾಗ ಒಣಮೀನು ಮರೆಯಬೇಡಿ!”

“ತರುವಾ,” ಎಂದರು ಬಾಯಿ. ಯಾರೂ ಅಳಲಿಲ್ಲ. ಅಂದುಕೊಂಡಂತೆಯೇ ಆಯಿತು.

ಜುಲೈಯಲ್ಲಿ ಅವನು ಕಿನ್ನಿಗೋಳಿಗೆ, ಅವರ ಅಕ್ಕ ಮೇಬಲ್‌ಗೆ ಫೋನ್ ಮಾಡಿದ. “ಫೆಲ್ಸಿಬಾಯಿ ಬರುವುದು ತಡ ಆಗುವುದಾದ್ರೆ, ಅಂಥದ್ದೇ ಕೈ ಇರುವ ಇನ್ನೊಬ್ಬರನ್ನು ಕಳಿಸಿ.”

ಆಚೆ ಕಡೆ ಮಳೆಯ ಸದ್ದು. ಅದರ ನಡುವೆಯೇ ಮೇಬಲ್ ಹೇಳಿದರು: “ಅವಳು ತೀರಿಹೋಗಿ ತಿಂಗಳಾಯಿತು. ನಿಮ್ಮ ಕಂಬಳಿಯನ್ನು ಮೊದಲೇ ಮುಟ್ಟಿಸಿದ್ದಳಲ್ಲ?”

ಮುಟ್ಟಿಸಿದ್ದರು.

ಮೇಬಲ್ ಆಮೇಲೆ ಹೇಳಿದ್ದನ್ನೆಲ್ಲ ಸೇರಿಸಿ ಇದನ್ನು ಬರೆದ ಹರಿನಾಥ ಫೆಲ್ಸಿಬಾಯಿಗೆ ಒಂದು ವಿದಾಯ ಹೇಳುವುದು ಬಾಕಿ ಇದೆ, ಅವರಿಗೆ ಅದು ಬೇಡವಾಗಿದ್ದರೂ.