ಎರಡನೆಯ ಪಂಕ್ತಿಯ ತುಪ್ಪ

ಪುಣೆಯ ಶಿವಾಜಿನಗರದ ಆಹಾರ ಪರೀಕ್ಷಾಲಯದಲ್ಲಿ ಜಿಡ್ಡಿನ ವಿಭಾಗವೆಂದರೆ ನರ್ಮದಾಬಾಯಿ ಒಬ್ಬಳೇ. ಧಾರವಾಡದಿಂದ ಹದಿನಾಲ್ಕನೆಯ ವಯಸ್ಸಿಗೆ ಪುಣೆಗೆ ಸೊಸೆಯಾಗಿ ಬಂದವಳು. ಗಂಡ ಏಕನಾಥ ವಕೀಲಿ ಓದುವಾಗ ತಾನೂ ಓದುತ್ತೇನೆಂದು ಹಟ ಹಿಡಿದು, ೧೯೩೦ರಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿದಳು. ಪರೀಕ್ಷಾಲಯ ಸೇರಿದಾಗ ಅಲ್ಲಿನ ಗಂಡಸರು ಹಾಲು, ಧಾನ್ಯ, ನೀರು ಮುಂತಾದ ತೊಳೆದರೆ ಹೋಗುವ ವಿಷಯಗಳನ್ನೆಲ್ಲ ಆಗಲೇ ಹಂಚಿಕೊಂಡಿದ್ದರು. ಉಳಿದದ್ದು ತುಪ್ಪ ಮತ್ತು ಎಣ್ಣೆ. ಕೈಗಂಟುವ, ಗಾಜಿಗಂಟುವ, ಸೋಪಿಗೂ ಸೋಲದ ಕೆಲಸ. ಜಿಡ್ಡಿನ ಕೆಲಸಕ್ಕೆ ಜಿದ್ದಿನವರೇ ಬೇಕು. ಆರು ವರ್ಷ ಅವಳು ಬೆರಕೆ ತುಪ್ಪಗಳ ಬಣ್ಣ ಬಯಲು ಮಾಡಿದಳು. ಪೇಟೆಯಲ್ಲಿ ಅವಳನ್ನು ಕಂಡರೆ ವ್ಯಾಪಾರಿಗಳು ಎದ್ದು ನಿಲ್ಲುತ್ತಿದ್ದರು. ಗೌರವಕ್ಕಲ್ಲ, ಹಿಂದಿನ ಡಬ್ಬಿ ಮರೆಮಾಡಲಿಕ್ಕೆ.

೧೯೩೮ರಲ್ಲಿ ಪರೀಕ್ಷಾಲಯಕ್ಕೆ ಹೊಸ ಕೆಲಸ ಬಂತು. ಪುಣೆಯ ಮನೆಗಳಲ್ಲಿ ತಲೆಗೆಷ್ಟು ಜಿಡ್ಡು ಸಲ್ಲುತ್ತದೆ ಎಂದು ಅಳೆದು ಮುಂಬಯಿಯ ಸಮಿತಿಗೆ ವರದಿ ಕೊಡಬೇಕು. ನಿರ್ದೇಶಕರಾದ ಡಾಕ್ಟರ್ ಕೃಷ್ಣಾಜಿರಾಯರು ಬೆಳಗಾವಿಯವರು, ತೂಕದ ಮನುಷ್ಯರು. ಈ ಮಾತು ಅವರ ಅಭಿಪ್ರಾಯಕ್ಕೂ ಅಂಗಿಗೂ ಸಮನಾಗಿ ಹೊಂದುತ್ತಿತ್ತು. ಅವರ ವಿಧಾನ ಸರಳ. ಸೋಮವಾರ ತುಪ್ಪದ ಡಬ್ಬಿ ತೂಗುವುದು, ಮುಂದಿನ ಸೋಮವಾರ ಮತ್ತೆ ತೂಗುವುದು, ಕಡಿಮೆಯಾದದ್ದನ್ನು ಮನೆಯ ತಲೆಗಳಿಂದ ಭಾಗಿಸುವುದು.

"ಅಡಗಿಮನಿ ಒಳಗ ನಮ್ಮನ್ನ ಯಾರೂ ಬಿಡೂದಿಲ್ಲ, ನರ್ಮದಾಬಾಯಿ. ನೀವೇ ಹೋಗ್ರಿ" ಎಂದರು ಅವರು.

ಅವಳು ತನ್ನ ಮನೆಯಿಂದಲೇ ಶುರುಮಾಡಿದಳು. ಅತ್ತೆ ರಂಗೂಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಇದೇನು ಅಡಗಿಮನಿಯೋ, ಅಡತಿ ಅಂಗಡಿಯೋ? ಆ ತಕ್ಕಡಿ ಯಾರ್‍ಯಾರು ಮುಟ್ಟ್ಯಾರೋ ಏನೋ!"

"ಹುಣಸಿಹಣ್ಣು ಹಚ್ಚಿ ತಿಕ್ಕೀನಿ ಅತ್ಯಾ. ನಾನೂ ಮಡಿ ಉಟ್ಟೀನಿ."

"ನೀ ಉಟ್ಟಿ. ತಕ್ಕಡಿ ಉಟ್ಟದೇನು?"

ಕೊನೆಗೆ ತಕ್ಕಡಿಗೂ ಮೂರು ಸಲ ನೀರೆರಚಿ ಒಳಗೆ ಬಿಟ್ಟುಕೊಂಡರು. ಮನೆಯಲ್ಲಿ ಹತ್ತು ಜನ: ಮಾವ ಮತ್ತು ಅವರ ಮೂವರು ಗಂಡುಮಕ್ಕಳು ಸೇರಿ ನಾಲ್ವರು ಗಂಡಸರು, ಮೂರು ಮಕ್ಕಳು, ಮೂವರು ಹೆಂಗಸರು. ದಿನಕ್ಕೆ ಇಪ್ಪತ್ತು ತೊಲೆ ತುಪ್ಪ. ತಲೆಗೆ ಎರಡು ತೊಲೆ. ಕೃಷ್ಣಾಜಿರಾಯರು ಅಂಕಿ ನೋಡಿ, ತಾವೇ ಉಂಡಷ್ಟು ತೃಪ್ತಿಯಿಂದ ಹೊಟ್ಟೆ ಸವರಿಕೊಂಡರು.

ಅದೇ ವಾರ ಒಂದು ಸಂಜೆ ನರ್ಮದಾಳ ನೆಗೆಣ್ಣಿ, ಐದು ತಿಂಗಳ ಬಸುರಿ ಸುಲಭಾ, ಹಿತ್ತಲಿನಿಂದ ತಂಬಿಗೆ ಹಿಡಿದು ಬರುತ್ತ ಪಡಸಾಲೆಯ ಕಂಬಕ್ಕೆ ಹೋಗಿ ಬಡಿದುಕೊಂಡಳು. ನರ್ಮದಾ ಓಡಿ ಹಿಡಿದಳು.

"ಕಂಬ ಕಾಣಲಿಲ್ಲೇನ ಸುಲಭಾ?"

"ಹೊತ್ತು ಮುಳುಗಿತಂದ್ರ ಕಣ್ಣಿಗೆ ಪರದೆ ಬಿದ್ದಂಗ ಆಗ್ತದ ವೈನಿ. ಅತ್ತ್ಯಾರಿಗೆ ಹೇಳಬ್ಯಾಡ್ರಿ. ಬಸುರಾಗ ಇದು ಎಲ್ಲಾರಿಗೂ ಇರೂದ ಅಂತಾರ."

ಎಲ್ಲರಿಗೂ ಇರುವುದೇ! ತುಪ್ಪದಲ್ಲಿ ಎ ಜೀವಸತ್ವವಿದೆ, ಅದು ಸಾಲದೆ ಹೋದರೆ ಇರುಳುಗುರುಡು ಬರುತ್ತದೆ ಎಂದು ನರ್ಮದಾ ಬಲ್ಲಳು. ಕಾಗದದ ಪ್ರಕಾರ ಸುಲಭಾ ದಿನಕ್ಕೆ ಎರಡು ತೊಲೆ ತಿನ್ನುತ್ತಾಳೆ. ಹಾಗಾದರೆ ಸುಲಭಾಳ ಎರಡು ತೊಲೆ ತಿನ್ನುತ್ತಿರುವವರು ಯಾರು?

ಉತ್ತರ ದಿನಾ ಎರಡು ಹೊತ್ತು ಕಣ್ಣೆದುರೇ ಕೂತು ಉಣ್ಣುತ್ತಿತ್ತು. ಮೊದಲ ಪಂಕ್ತಿ ಗಂಡಸರದು, ಮಕ್ಕಳದು. ಅವರೆದ್ದ ಮೇಲೆ ಹೆಂಗಸರದು. ಒಂದೇ ಪಂಕ್ತಿಯಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಡಿಸಿದರೆ ಪಂಕ್ತಿಭೇದದ ಪಾಪ ಸುತ್ತಿಕೊಳ್ಳುತ್ತದೆ. ಪಂಕ್ತಿಯನ್ನೇ ಎರಡು ಮಾಡಿಬಿಟ್ಟರೆ ಯಾವ ಪಾಪವೂ ಇಲ್ಲ. ಹೆಂಗಸರು ಕೂರುವ ಹೊತ್ತಿಗೆ ಬಟ್ಟಲಿನಲ್ಲಿ ಉಳಿಯುತ್ತಿದ್ದದ್ದು ತುಪ್ಪದ ನೆನಪು. ಅದರೊಳಗೆ ಬಿಸಿ ಅನ್ನ ಹಾಕಿ ಒರೆಸಿ, ಮೂರು ಪಾಲು ಮಾಡಿ ಉಣ್ಣುತ್ತಿದ್ದರು. ನರ್ಮದಾ ತಾನೂ ಹದಿನೆಂಟು ವರ್ಷದಿಂದ ಹಾಗೆಯೇ ಉಣ್ಣುತ್ತಿದ್ದಳು. ಜಿಡ್ಡಿನ ವಿಭಾಗದ ಮುಖ್ಯಸ್ಥೆಗೆ ತನ್ನ ಎಲೆ ತೂಗಬೇಕೆಂದು ಹೊಳೆದೇ ಇರಲಿಲ್ಲ.

ಮರುದಿನದಿಂದ ಡಬ್ಬಿಯನ್ನು ಬಿಟ್ಟು ಬಟ್ಟಲನ್ನು ತೂಗತೊಡಗಿದಳು: ಪ್ರತಿ ಪಂಕ್ತಿಯ ಮುಂಚೆ, ಪ್ರತಿ ಪಂಕ್ತಿಯ ನಂತರ. ಗಂಡಸರಿಗೆ ತಲಾ ಮೂರೂವರೆ ತೊಲೆ. ಮಕ್ಕಳಿಗೆ ಒಂದೂ ಮುಕ್ಕಾಲು. ಹೆಂಗಸರಿಗೆ ಕಾಲು ತೊಲೆ.

"ಸುಳ್ಳು" ಎಂದರು ರಂಗೂಬಾಯಿ. "ಬಡಸೋಳು ನಾ. ಬಡಸೋಳಿಗೆ ಕಡಿಮಿ ಹೆಂಗ ಆಗ್ತದ?"

"ನೀವೇ ತೂಗಿ ನೋಡ್ರಿ ಅತ್ಯಾ."

ಸೊಸೆಯ ಸುಳ್ಳು ಹಿಡಿಯುವ ಅವಕಾಶವನ್ನು ಯಾವ ಅತ್ತೆ ಬಿಟ್ಟಾಳು? ರಂಗೂಬಾಯಿ ಮೂರು ದಿನ ತಾವೇ ತೂಗಿದರು. ನಾಲ್ಕನೆಯ ದಿನ ತಕ್ಕಡಿಯನ್ನು ನರ್ಮದಾಳ ಮುಂದೆ ಕುಕ್ಕಿದರು.

"ನಿನ್ನ ತಕ್ಕಡಿ ಖರೇ ಅದ. ಭಾಳ ಕೆಟ್ಟ ತಕ್ಕಡಿ."

ಅಂದಿನಿಂದ ಸುಲಭಾಳ ಅನ್ನಕ್ಕೆ ಎರಡು ತೊಲೆ ತುಪ್ಪ, ಜೊತೆಗೆ ಗಜ್ಜರಿ, ರಾಜಗಿರಿ ಸೊಪ್ಪು. ತಿಂಗಳೊಳಗೆ ಅವಳು ಸಂಜೆ ದೀಪವಿಲ್ಲದೆ ಹಿತ್ತಲಿಗೆ ಹೋಗಿ ಬಂದಳು. ನರ್ಮದಾ ಆಗ ತಕ್ಕಡಿ ಹೊತ್ತು ಶಿರೂರಿನವರೆಗೂ ತಿರುಗಿದಳು. ಕನ್ನಡದವರ ಮನೆ, ಮರಾಠಿಯವರ ಮನೆ, ಒಟ್ಟು ನಲವತ್ತಮೂರು. ಅಡಿಗೆ ಬೇರೆ, ಮಾತು ಬೇರೆ, ಎರಡನೆಯ ಪಂಕ್ತಿ ಮಾತ್ರ ಎಲ್ಲೆಡೆಯೂ ಒಂದೇ. ಬಸುರಿಯರಿದ್ದ ಹದಿನೇಳು ಮನೆಗಳಲ್ಲಿ ಒಂಬತ್ತು ಕಡೆ ಇರುಳುಗುರುಡು. ವರದಿಯಲ್ಲಿ ಎರಡು ಕಾಲಂ ಹಾಕಿದಳು: ಮೊದಲ ಪಂಕ್ತಿ, ಎರಡನೆಯ ಪಂಕ್ತಿ.

ಕೃಷ್ಣಾಜಿರಾಯರು ಕನ್ನಡಕ ತೆಗೆದರು.

"ನರ್ಮದಾಬಾಯಿ, ಇದು ರಸಾಯನಶಾಸ್ತ್ರನೋ, ಅತ್ತಿ-ಸೊಸಿ ಜಗಳೋ?"

"ತೂಕ ರೀ, ಸರ್."

"ಎರಡೂ ಕಾಲಂ ಕೂಡಸ್ರಿ, ಭಾಗಸ್ರಿ. ಸರಾಸರಿ ಭಾಳ ಛಲೋ ಬರ್ತದ. ಸಮಿತಿಯವರೂ ಖುಷಿ, ನಾವೂ ಖುಷಿ."

"ಸರಾಸರಿ ಕಂಬಕ್ಕ ಹಾಯೂದಿಲ್ಲ ಸರ್. ಹಾಯೋರು ಬ್ಯಾರೆ ಅದಾರ."

"ಏಪ್ರಿಲ್‌ದಾಗ ನಿಮ್ಮ ನೌಕರಿ ಮುಂದುವರಸೂದು ನನ್ನ ಕೈಯಾಗ ಅದ. ವಿಚಾರ ಮಾಡ್ರಿ."

ವಿಚಾರ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ಎರಡನೆಯ ಕಾಲಂ ಹೋದರೆ ಆ ಒಂಬತ್ತು ಜನ ಎರಡೆರಡು ತೊಲೆ ತಿಂದು ಸುಖವಾಗಿದ್ದಾರೆ ಎಂದು ತಾನೇ ಸಹಿ ಹಾಕಿದಂತೆ.

ಮರುವರ್ಷದ ಮಾರ್ಚಿನಲ್ಲಿ ಮುಂಬಯಿಯ ಐವರು ಮಹನೀಯರು ಬಂದರು. ಸಭೆ ಇಂಗ್ಲಿಷಿನಲ್ಲಿ ನಡೆಯಿತು. ಕೃಷ್ಣಾಜಿರಾಯರು ಸರಾಸರಿಯನ್ನು ಓದಿದರು, ಮಹನೀಯರು ತಲೆದೂಗಿದರು. ನರ್ಮದಾ ಎದ್ದು ನಿಂತಳು.

"ಒಂದು ಪ್ರಶ್ನೆ ಕೇಳಲೇ? ನಿನ್ನೆ ನೀವು ಅನ್ನಕ್ಕೆ ಎಷ್ಟು ಚಮಚ ತುಪ್ಪ ಹಾಕಿಸಿಕೊಂಡಿರಿ?"

ಮಹನೀಯರು ಉತ್ಸಾಹದಿಂದ ಹೇಳಿದರು. ಮೂರು. ನಾಲ್ಕು. ಒಬ್ಬರು ಹೋಳಿಗೆಯ ಮೇಲಿನದನ್ನೂ ಸೇರಿಸಿದರು.

"ನಿಮ್ಮ ಹೆಂಡತಿಯರು?"

ಅಧ್ಯಕ್ಷರು ಸಭ್ಯರು, ಸತ್ಯ ಹೇಳಿದರು. "ಅವಳು ಊಟ ಮಾಡುವುದನ್ನು ನಾನು ನೋಡಿಲ್ಲ."

"ಎಷ್ಟು ವರ್ಷದಿಂದ?"

"ಇಪ್ಪತ್ತೆಂಟು."

"ಸಾಕ್ರಿ, ಕೂಡ್ರಿ!" ಎಂದು ಕೃಷ್ಣಾಜಿರಾಯರು ಕನ್ನಡದಲ್ಲಿ ಪಿಸುಗುಟ್ಟಿದರು. ಅವಳು ಕೂರಲಿಲ್ಲ. ನಲವತ್ತಮೂರು ಮನೆಯ ಎರಡನೆಯ ಕಾಲಮ್ಮನ್ನು ಮೊದಲಿಂದ ಕೊನೆಯವರೆಗೆ ನಿಂತೇ ಓದಿದಳು. ಮಹನೀಯರು ಕೆಮ್ಮಿದರು, ಚಹಾ ಕುಡಿದರು, ಸರಾಸರಿಯನ್ನೇ ಒಪ್ಪಿದರು. ಸಹಿಗೆಂದು ಹಾಳೆ ತನ್ನೆದುರು ಬಂದಾಗ ನರ್ಮದಾ ಟೈಪಾಗಿದ್ದ ತನ್ನ ಹೆಸರನ್ನು ಮಸಿಯಿಂದ ಹೊಡೆದುಹಾಕಿದಳು. ಏಪ್ರಿಲಿನಲ್ಲಿ ಕೆಲಸ ಹೋಯಿತು.

"ಒಂದು ಸಹಿ ಮಾಡಿದ್ರ ಏನಾಗ್ತಿತ್ತು?" ಎಂದ ಏಕನಾಥ. ಕೆಟ್ಟವನಲ್ಲ, ವಕೀಲ.

"ಸುಲಭಾ ಎರಡು ತೊಲಿ ತಿಂದಂಗ ಆಗ್ತಿತ್ತು ರೀ. ಕಾಗದದ ಮ್ಯಾಲೆ."

ಅವನು ಕಾಗದವೊಂದನ್ನು ಎಳೆದುಕೊಂಡು, ತನಗೆ ಪರಿಚಯದ ಮುದ್ರಣಾಲಯದ ವಿಳಾಸ ಬರೆದುಕೊಟ್ಟ. ಎರಡು ಕಾಲಮ್ಮಿನ ಪಟ್ಟಿ ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾಯಿತು. ಮನೆಗಳಿಗೆ ಹೆಸರಿಲ್ಲ, ಬರೀ ನಂಬರು. ಚೈತ್ರದ ಅರಿಶಿನ-ಕುಂಕುಮಕ್ಕೆ ಓಣಿಯ ಹೆಂಗಸರು ಬಂದಾಗ, ಕೋಸಂಬರಿಯ ಜೊತೆ ಪಟ್ಟಿಯನ್ನೂ ಕೈಗಿತ್ತಳು. ಕೋಸಂಬರಿ ಹಾಗೇ ಉಳಿಯಿತು, ಎಲ್ಲರೂ ಓದುತ್ತಿದ್ದರು. ಎದುರುಮನೆಯ ಭಾಮಾಬಾಯಿ ಮೂಗು ಮುರಿದರು.

"ಮನಿ ಒಳಗಿನ ಮಾತು ಹಿಂಗ ಬಜಾರಕ್ಕ ತರೂದೇನ್ರಿ ರಂಗೂಬಾಯಿ? ಯಾರ ಮನಿ ಹಣೇಬರಹಾನೋ ಇದು, ಒಂದನೇ ನಂಬರು?"

"ನಮ್ಮದು. ಇಲ್ಲಿ ಕಾಲು ತೊಲಿ ಅಂತ ಬರದದಲ್ಲಾ, ಅದು ನಾನು" ಎಂದರು ರಂಗೂಬಾಯಿ. "ನೀವು ಎಷ್ಟು?"

ಭಾಮಾಬಾಯಿ ಮೂರು ದಿನ ಬಿಟ್ಟು ತಕ್ಕಡಿ ಕೇಳಿಕೊಂಡು ಬಂದರು.

ಮುಂದಿನ ಎಂಟು ವರ್ಷ ನರ್ಮದಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆರೋಗ್ಯಶಾಸ್ತ್ರ ಕಲಿಸಿದಳು, ರಜೆಯಲ್ಲಿ ಮನೆಮನೆ ತೂಗಿದಳು. ರೇಶನ್ನಿನ ಕಾಲ ಬಂದು ತುಪ್ಪವೇ ಅಪರೂಪವಾದಾಗಲೂ ತೂಗಿದಳು. ಇಲ್ಲದ್ದನ್ನು ಯಾರು ಎಷ್ಟು ತಿನ್ನಲಿಲ್ಲ ಎಂಬುದೂ ಎರಡು ಪಂಕ್ತಿಗೆ ಬೇರೆಬೇರೆ ಇತ್ತು. ೧೯೪೭ರ ಬೇಸಿಗೆಯಲ್ಲಿ ಪರೀಕ್ಷಾಲಯದ ಹೊಸ ನಿರ್ದೇಶಕರಿಂದ ಪತ್ರ ಬಂತು: ಇಷ್ಟು ಮನೆಗಳ ಅಂಕಿ ಮತ್ತೆಲ್ಲೂ ಇಲ್ಲ, ದಯವಿಟ್ಟು ಸರಾಸರಿ ತೆಗೆದು ಕಳಿಸಬೇಕು.

ಆಗ ಮನೆಗಳು ಇನ್ನೂರ ಹನ್ನೆರಡಾಗಿದ್ದವು. ನರ್ಮದಾ ಅಷ್ಟನ್ನೂ ಎರಡು ಕಾಲಮ್ಮಿನಲ್ಲಿ ತನ್ನ ಕೈಯಾರೆ ನಕಲು ಮಾಡಿ, ಮೇಲೆ ತನ್ನ ಪೂರ್ತಿ ಹೆಸರು ಬರೆದು, ಒಂದು ಚೀಟಿ ಲಗತ್ತಿಸಿದಳು: "ಭಾಗಾಕಾರ ನಿಮಗೂ ಬರುತ್ತದೆ. ಮಾಡುವ ಮೊದಲು ಎರಡನೆಯ ಕಾಲಂ ಓದಿಕೊಳ್ಳಿ."