ನನ್ನಿಂದಲ್ಲ

ಗಂಡ ತೀರಿಕೊಂಡ ಕೆಲವೇ ದಿನಗಳಲ್ಲಿ ಸಾದಲಿ ಹತ್ತಿರದ ಅಣ್ಣನ ಮನೆಗೆ ಬಂದೆ. ಆ ಸಲ ಅಲ್ಲಿ ಸಾಕಿದ್ದ ರೇಷ್ಮೆಹುಳುಗಳು ಗೂಡು ಕಟ್ಟುವ ಮೊದಲೇ ಸತ್ತವು. ಯಾರೂ ನನ್ನನ್ನು ಬೈಯಲಿಲ್ಲ. ಅತ್ತಿಗೆ ಮಾತ್ರ ಮೆಲ್ಲಗೆ, "ಇನ್ಮೇಲೆ ನೀನು ಹುಳದ ಮನೆ ಕಡೆ ಬರಬೇಡ ಕಣಮ್ಮ," ಅಂದರು. ಬೈದಿದ್ದರೆ ಜಗಳವಾಡುತ್ತಿದ್ದೆನೋ ಏನೋ. ಮೆಲ್ಲಗೆ ಹೇಳಿದ್ದಕ್ಕೆ ನಂಬಿಬಿಟ್ಟೆ.

ಆಮೇಲೆ ಎಲ್ಲೂ ನಿಲ್ಲಲಾಗಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿ ಬಾಡಿಗೆ ಕೋಣೆ ಹಿಡಿದೆ. ಓನರ್ ಹೆಂಡತಿಗೆ ಜ್ವರ ಬಂತೆಂದು ಆ ಕೋಣೆ ಬಿಟ್ಟೆ. ಪಕ್ಕದ ಮನೆಯ ಹುಡುಗಿ ಪರೀಕ್ಷೆಯಲ್ಲಿ ಫೇಲಾದಳೆಂದು ಇನ್ನೊಂದನ್ನೂ ಬಿಟ್ಟೆ. ಯಾರಾದರೂ ಕೂಸನ್ನು ಎತ್ತಿಕೊಳ್ಳಲು ಕೊಟ್ಟರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದೆ. ಬಸ್ಸಿನ ಟೈರು ಪಂಕ್ಚರ್ ಆದರೂ ನಾನು ಹತ್ತಿದ್ದಕ್ಕೇ ಅನ್ನಿಸುತ್ತಿತ್ತು.

ಕೆಲಸದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಹೆಂಗಸು ಕ್ರೈಸ್ತರು. ಒಂದು ದಿನ ಅವರ ಎಳೆ ಮತ್ತೆ ಮತ್ತೆ ತುಂಡಾಯಿತು. ನಾನು ಎದ್ದು ದೂರ ಸರಿದೆ.

"ಎಲ್ಲಿಗೆ ಹೋಗ್ತೀಯಮ್ಮ?"

"ನಾನಿಲ್ಲಿ ಕೂತ್ರೆ ನಿಮ್ಮ ಎಳೆ ನಿಲ್ಲಲ್ಲ ಅಕ್ಕ."

ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಗೂಡು ಸರಿಯಾಗಿ ಬೆಂದಿಲ್ಲ, ಅದಕ್ಕೆ ತುಂಡಾಗ್ತೈತೆ. ಇಷ್ಟೆಲ್ಲಾ ನಿನ್ನ ತಲೆ ಮೇಲೆ ಹೊರಿಸಿದ್ದು ಯಾರು?"

ಆ ಭಾನುವಾರ ಅವರ ಜೊತೆ ಚಿಂತಾಮಣಿಗೆ ಹೋದೆ. ಒಂದು ಮನೆಯ ಹಾಲಿನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಮೂರು ವಾರ ಬಾಗಿಲ ಪಕ್ಕವೇ ಕೂತು, ಮುಗಿಯುವ ಮೊದಲೇ ಎದ್ದು ಬಂದೆ. ನಾಲ್ಕನೇ ವಾರ ಪಾಸ್ಟರ್ ಹುಟ್ಟುಕುರುಡನೊಬ್ಬನ ವಿಷಯ ಹೇಳಿದರು. ಅವನು ಹೀಗಿರುವುದು ಯಾರ ಪಾಪದಿಂದ ಎಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಅಂದರಂತೆ ಯೇಸು. ನನಗೆ ಮುಂದಿನದೇನೂ ಕೇಳಿಸಲಿಲ್ಲ. ಅಂದು ಕೊನೆಯವರೆಗೂ ಅಳುತ್ತಾ ಕೂತೆ.

ಕೆಲವು ತಿಂಗಳ ಮೇಲೆ ಕೆಂಚಾರ್ಲಹಳ್ಳಿ ಕಡೆಯ ತೋಟವೊಂದರ ಕೃಷಿಹೊಂಡದಲ್ಲಿ ದೀಕ್ಷಾಸ್ನಾನ ಪಡೆದೆ. ನೀರಿನಿಂದ ಎದ್ದಾಗ ಮೈಯೆಲ್ಲ ಹಗುರವಾಗಿತ್ತು. ಮರುದಿನ ಬೆಳಗ್ಗೆ ಅದೇ ಭಯ ಮತ್ತೆ ಬಂತು. ನನಗೆ ನಾಚಿಕೆಯಾಯಿತು. "ಭಯ ಬಂದ್ರೆ ಬರಲಿ, ಅದನ್ನೂ ದೇವರಿಗೇ ಹೇಳು," ಅಂದರು ಅಕ್ಕ.

ಆ ಬೇಸಿಗೆಯಲ್ಲಿ ಅತ್ತಿಗೆ ಬಿದ್ದು ಕೈ ಮುರಿದುಕೊಂಡರು. ಹುಳುಗಳು ಹಗಲಿರುಳೂ ಸೊಪ್ಪು ತಿನ್ನುವ ಕೊನೆಯ ಹಂತ. ಕೂಲಿಗೆ ಜನ ಸಿಕ್ಕಲಿಲ್ಲ. ಫೋನಿನಲ್ಲಿ ಅತ್ತಿಗೆ ತಡೆತಡೆದು, "ಬರ್ತೀಯಾಮ್ಮ?" ಅಂದರು.

ಹುಳದ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. "ಸ್ವಾಮಿ, ಜೊತೆಗಿರು," ಎಂದು ಒಳಗೆ ಹೋದೆ. ಎರಡು ದಿನ ಸೊಪ್ಪು ಹಾಕಿದೆ. ಮೂರನೆಯ ದಿನ ಕೆಲವು ಹುಳುಗಳು ಊದಿಕೊಂಡಿದ್ದವು, ಅವುಗಳ ಮೈಯಿಂದ ಹಾಲಿನಂಥ ನೀರು ಸೋರತೊಡಗಿತ್ತು.

ನಾನು ಬ್ಯಾಗು ತೆಗೆದುಕೊಂಡು ಬಸ್ ಸ್ಟಾಪಿನವರೆಗೂ ಹೋದೆ. ಬಸ್ಸು ಬಂತು. ಕಂಡಕ್ಟರ್ "ಹತ್ತಮ್ಮ" ಅಂದ. ಹತ್ತಲಿಲ್ಲ. ಯಾಕೆಂದು ಈಗಲೂ ಪೂರ್ತಿ ಹೇಳಲಾರೆ. ಈ ಸಲವೂ ಓಡಿದರೆ ಸಾಯುವವರೆಗೂ ಓಡುತ್ತಲೇ ಇರಬೇಕು ಅನ್ನಿಸಿತು. ನನ್ನನ್ನು ಹಿಡಿದುಕೊಂಡಿರುವವನು ಇದ್ದಾನೆ ಅಂತಲೂ ಅನ್ನಿಸಿತು.

ವಾಪಸು ಬಂದು ಹೇಳಿದೆ: "ಅತ್ತಿಗೆ, ಹುಳಕ್ಕೆ ಹಾಲುರೋಗ ಬಂದೈತೆ. ನನ್ನಿಂದಲ್ಲ."

"ನಾನೇನು ಹಾಗಂದ್ನಾ?"

"ಅವತ್ತು ಅಂದ್ರಲ್ಲ."

ಅತ್ತಿಗೆ ನನ್ನ ಹತ್ತಿರ ಬಂದರು. "ಅಂದೆ. ತಪ್ಪಾಯ್ತು ಕಣಮ್ಮ," ಎಂದು ಒಂದೇ ಕೈಯಲ್ಲಿ ನನ್ನ ಬ್ಯಾಗು ತೆಗೆದುಕೊಂಡರು.

ಇಬ್ಬರೂ ಸೇರಿ ರೋಗದ ಹುಳುಗಳನ್ನು ಆರಿಸಿ ತೆಗೆದೆವು, ಸುಣ್ಣದ ಪುಡಿ ಉದುರಿಸಿದೆವು. ಅರ್ಧದಷ್ಟು ಹುಳು ಉಳಿದು ಗೂಡು ಕಟ್ಟಿದವು. ಅತ್ತಿಗೆಯ ಕೈಯ ಪಟ್ಟಿ ಬಿಚ್ಚುವವರೆಗೂ ನಾನು ಅಲ್ಲೇ ಇದ್ದೆ.