ನೀಟಕ್ಕ ಅತಿಥಿಯಾಗಿ ಬಂದ ಮೂರು ದಿನ

ಕಡಲಿಗೆ ಮುಖ ಮಾಡಿ ನಿಂತ ಕಟ್ಟಡದ ನಾಲ್ಕನೇ ಮಹಡಿಯ ಮನೆಯನ್ನು ನೀಟಕ್ಕ ಹನ್ನೊಂದು ವರ್ಷ ಗುಡಿಸಿ ಒರೆಸಿದ್ದಳು. ರಜೆಗೆ ಬಂದವರು ತಾವೇ ಅಡುಗೆ ಮಾಡಿಕೊಂಡು ಇರುವಂಥ ದುಬಾರಿ ಮನೆ ಅದು. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ನಾಲ್ಕು ಗಂಟೆಯಲ್ಲಿ ಅದನ್ನು ಹೊಸದರಂತೆ ಮಾಡುವುದು ಅವಳ ಕೆಲಸ. ಬಾಲ್ಕನಿಯ ಗಾಜಿಗೆ ಅಂಟಿದ ಉಪ್ಪು, ಸೋಫಾದ ಸಂದಿಯ ಮರಳು, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ನಿಂತ ನೀರು, ಯಾವುದೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಎಲ್ಲರೂ ಅವಳನ್ನು ನೀಟಕ್ಕ ಎಂದೇ ಕರೆಯುತ್ತಿದ್ದುದು ಅದಕ್ಕೇ.

ಒಂದು ದಿನ, ಅತಿಥಿಗಳು ಕಡಲು ನೋಡಲೆಂದು ಆ ಮನೆಯ ಗೋಡೆಯ ಮೊಳೆಗೆ ತೂಗುಹಾಕಿದ್ದ ದುರ್ಬೀನು ಕಾಣೆಯಾಯಿತು. ಮನೆಯ ಒಡತಿ ಇದ್ದದ್ದು ಬೇರೆ ಊರಿನಲ್ಲಿ. ಎಲ್ಲವೂ ಮ್ಯಾನೇಜರನ ಕೈಯಲ್ಲಿ. ಅವನು ಕೆಳಗಿನ ಆಫೀಸಿನ ಮೇಜಿನ ಮೇಲೆ ಅವಳ ಚೀಲವನ್ನು ತಲೆಕೆಳಗು ಮಾಡಿ ಸುರಿದ. ಬುತ್ತಿ ಡಬ್ಬಿ, ಬಾಚಣಿಗೆ, ಮಂಡಿನೋವಿನ ಮಾತ್ರೆ, ಬದಲಿಸಲು ಇಟ್ಟುಕೊಂಡಿದ್ದ ಒಳಉಡುಪು. ಆಗಷ್ಟೇ ಬಂದಿಳಿದ ಅತಿಥಿಗಳು ಸೂಟ್‌ಕೇಸ್ ಹಿಡಿದು ನೋಡುತ್ತ ನಿಂತರು.

"ಆಗಲೇ ಸಾಗಿಸಿಬಿಟ್ಟಿದ್ದಾಳೆ. ನಾಳೆಯಿಂದ ಬರಬೇಡ ನೀನು," ಎಂದ.

ಎರಡು ವಾರದ ಮೇಲೆ ಗೇಟಿನ ಕಾವಲುಗಾರ ಅವಳ ಮನೆಗೇ ಬಂದು ಹೇಳಿದ: ದುರ್ಬೀನು ಮ್ಯಾನೇಜರನ ಕಾರಿನ ಡಿಕ್ಕಿಯಲ್ಲಿತ್ತು. ಬಾಮೈದನಿಗೆ ತೋರಿಸಲು ತಾನೇ ಒಯ್ದು ಮರೆತಿದ್ದನಂತೆ. ಸದ್ದಿಲ್ಲದೆ ತಂದು ಮತ್ತೆ ಮೊಳೆಗೆ ತೂಗುಹಾಕಿದ್ದ. ನೀಟಕ್ಕ ಒಡತಿಗೆ ಬರೆದ ಎರಡು ಕಾಗದಗಳೂ ಆಫೀಸಿನ ವಿಳಾಸಕ್ಕೇ ಹೋದವು, ಅಂದರೆ ಅವನ ಕೈಗೇ. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಆ ಬೀದಿಯಲ್ಲಿ ಮತ್ತೆ ಯಾರೂ ಬೀಗದ ಕೈ ಕೊಡಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಹಿಡಿದಳು. ಐದು ವರ್ಷ ಹಬೆಯಲ್ಲಿ ಬೆಂದಳು. ಅವಳ ಮೈ ಬಳಲಿತೇ ಹೊರತು ಒಳಗಿನ ಕೆಂಡ ಆರಲಿಲ್ಲ.

ಆರನೇ ವರ್ಷ, ಕೂಡಿಟ್ಟ ದುಡ್ಡಿನಲ್ಲಿ, ತಂಗಿಯ ಹೆಸರಿನಲ್ಲಿ ಅದೇ ಮನೆಯನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದಳು.

"ಅಕ್ಕಾ, ನಿಂಗೇನು ತಲೆ ಕೆಟ್ಟಿದೆಯಾ?"

"ನೀನು ಸುಮ್ನೆ ಬಾ. ಸಮುದ್ರ ನೋಡು. ಮಿಕ್ಕಿದ್ದು ನಂಗೆ ಬಿಡು."

ಮ್ಯಾನೇಜರ್ ಹಲ್ಲು ಕಿರಿಯುತ್ತ ಎದುರುಗೊಂಡ. "ಬನ್ನಿ ಮೇಡಂ, ಬನ್ನಿ," ಎಂದು ಅವಳ ಸಾಮಾನು ಎತ್ತಿಕೊಂಡ. ಗುರುತೇ ಹಿಡಿಯಲಿಲ್ಲ. ಹನ್ನೊಂದು ವರ್ಷ ಕಣ್ಣೆದುರು ಓಡಾಡಿದವಳ ಮುಖವನ್ನು ಈ ಮನುಷ್ಯ ಒಮ್ಮೆಯಾದರೂ ನೋಡಿದ್ದನೇ? ಕಳ್ಳಿ ಅನ್ನಿಸಿಕೊಂಡದ್ದಕ್ಕಿಂತ ಇದೇ ಅವಳನ್ನು ಹೆಚ್ಚು ಸುಟ್ಟಿತು.

ಮೊದಲ ದಿನ ಫೋನ್ ಮಾಡಿದಳು. "ಒಲೆ ಮೇಲಿನ ಚಿಮಣಿಯಿಂದ ಜಿಡ್ಡು ಸುರೀತಿದೆ."

"ಕೆಲಸದವಳನ್ನ ಕಳಿಸ್ತೀನಿ ಮೇಡಂ."

"ಈ ಕಟ್ಟಡದ ಆರು ಮನೆ ಒಬ್ಬಳೇ ತೊಳೆದು ಸುಸ್ತಾಗಿದ್ದಾಳೆ ಪಾಪ. ನೀವೇ ಬನ್ನಿ. ಇಲ್ದಿದ್ರೆ ಫೋಟೋ ಸಮೇತ ನಿಮ್ಮ ವೆಬ್‌ಸೈಟಿನಲ್ಲಿ ಬರೀತೀನಿ."

ಬಂದ. ಸ್ಟೂಲು ಹತ್ತಿ ಜಾಲರಿ ಬಿಚ್ಚಿ ತೊಳೆದ. ಎರಡನೇ ದಿನ ಬಚ್ಚಲ ತೂಬಿನಿಂದ ಯಾರದೋ ಕೂದಲಿನ ಉಂಡೆಯನ್ನು ಬೆರಳಿನಿಂದ ಎಳೆದು ತೆಗೆದ. ನೀಟಕ್ಕ ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಮೂರನೇ ದಿನ ಫ್ರಿಜ್ಜನ್ನೇ ಮುಂದಕ್ಕೆ ಎಳೆಸಿದಳು. ಹಿಂದಿನ ತಟ್ಟೆಯಲ್ಲಿ ಲೋಳೆಗಟ್ಟಿ ನಾರುತ್ತಿತ್ತು. ಮಂಡಿಯೂರಿ, ಬೆವರು ಒರೆಸಿಕೊಳ್ಳುತ್ತ ಕೇಳಿದ: "ಇಲ್ಲೊಂದು ತಟ್ಟೆ ಇರೋದು ನಂಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಹನ್ನೊಂದು ವರ್ಷ ನಾನೇ ತೊಳೆದಿದ್ದೀನಿ."

ಅವನು ತಲೆಯೆತ್ತಿ ನೋಡಿದ. ಮುಖ ಸುಣ್ಣದಂತಾಯಿತು.

"ಡಿಕ್ಕಿಯಲ್ಲಿ ಸಿಕ್ತಂತಲ್ಲ ದುರ್ಬೀನು? ಈಗ ನಿಮ್ಮ ಒಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಿಮ್ಮ ಬಾಯಿಂದಲೇ ಹೇಳಿ. ನೀವು ಹೇಳದಿದ್ರೆ ಕಾವಲುಗಾರ ಹೇಳ್ತಾನೆ. ಅವನೀಗ ಪಕ್ಕದ ಕಟ್ಟಡದಲ್ಲಿದ್ದಾನೆ, ನಿಮ್ಮ ಕೈಕೆಳಗಿಲ್ಲ."

"ಅಕ್ಕಾ, ಹಳೇದು ಬಿಟ್ಬಿಡಿ. ಕೈ ಮುಗೀತೀನಿ. ನನ್ನ ಕೆಲಸ ಹೋಗುತ್ತೆ."

"ನಂದು ಹೋಗ್ಲಿಲ್ವಾ?"

ತಂಗಿ ಮೆಲ್ಲಗೆ ಅವಳ ತೋಳು ಮುಟ್ಟಿದಳು. "ಸಾಕು ಬಿಡೇ ಅಕ್ಕಾ. ಬೆವರು ನೋಡು ಅವನದು."

"ಬೆವರಲಿ," ಎಂದಳು ನೀಟಕ್ಕ.

ಅವನು ಫೋನ್ ಮಾಡಿದ. ತೊದಲುತ್ತ, ನುಂಗುತ್ತ ಎಲ್ಲವನ್ನೂ ಹೇಳಿದ. ನಡುವೆ ಎರಡು ಕಡೆ ಜಾರಿಕೊಳ್ಳಲು ನೋಡಿದಾಗ ನೀಟಕ್ಕ, "ಚೀಲ ಸುರಿದದ್ದನ್ನೂ ಹೇಳಿ," "ಕಾಗದ ಎರಡು ಬಂದಿತ್ತಲ್ಲ, ಅದನ್ನೂ," ಎಂದು ಎತ್ತಿಕೊಟ್ಟಳು. ಆ ಕಡೆ ಒಡತಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನೀಟಕ್ಕನನ್ನು ಕರೆದು ಕ್ಷಮೆ ಕೇಳಿದರು. "ಮತ್ತೆ ಕೆಲಸಕ್ಕೆ ಬರ್ತೀಯೇನಮ್ಮಾ?"

"ಇಲ್ಲಮ್ಮ. ಆಸ್ಪತ್ರೇಲಿ ನನ್ನ ಚೀಲ ಯಾರೂ ಮುಟ್ಟಲ್ಲ. ಅಲ್ಲೇ ಇರ್ತೀನಿ."

ಫೋನ್ ಇಟ್ಟ ಮೇಲೆ ಅವನು ಎದ್ದು ಹೊರಡಲು ನೋಡಿದ. "ಫ್ರಿಜ್ಜು ಅದರ ಜಾಗಕ್ಕೆ ತಳ್ಳಿ ಹೋಗಿ," ಎಂದಳು. ತಳ್ಳಿ ಹೋದ.

ಆ ಮಧ್ಯಾಹ್ನ ಅಕ್ಕತಂಗಿಯರು ಬಾಲ್ಕನಿಯಲ್ಲಿ ಕೂತು ಉಂಡರು. ತಂಗಿ ಅರ್ಧಕ್ಕೇ ತಟ್ಟೆ ಸರಿಸಿದಳು. "ಅವನಿಗೂ ಮಕ್ಕಳಿದ್ದಾರಲ್ಲೇ."

"ನಂಗೂ ಇದ್ರು. ಅಮ್ಮ ಯಾಕೆ ಕೆಲಸ ಬಿಟ್ಟಳು ಅಂತ ಸ್ಕೂಲಲ್ಲಿ ಅವರನ್ನ ಕೇಳ್ತಿದ್ರು," ಎಂದು ನೀಟಕ್ಕ ಎರಡನೇ ಸಲ ಅನ್ನ ಬಡಿಸಿಕೊಂಡಳು.

ಹೊರಡುವ ಮುಂಚೆ ಹಾಸಿಗೆಯ ಬಟ್ಟೆಗಳನ್ನು ತಾನೇ ಕಳಚಿ ಮಡಚಿಟ್ಟಳು. ಮುಂದೆ ಬರುವ ಕೆಲಸದವಳ ಮೇಲೆ ಅವಳಿಗೆ ಯಾವ ಹಗೆಯೂ ಇರಲಿಲ್ಲ. ತಿಂಗಳೊಳಗೆ ಮ್ಯಾನೇಜರನ ಕೆಲಸ ಹೋಯಿತೆಂದು ಕಾವಲುಗಾರ ಸುದ್ದಿ ಕೊಟ್ಟ. ಈಗಲಾದರೂ ಅಯ್ಯೋ ಅನ್ನಿಸಲಿಲ್ಲವೇ ಎಂದು ತಂಗಿ ಕೇಳಿದಳು. ನೀಟಕ್ಕ ಪ್ರಾಮಾಣಿಕವಾಗಿ ಯೋಚಿಸಿ ನೋಡಿದಳು.

"ಇಲ್ಲ ಕಣೇ," ಎಂದಳು.